ಸಂಪರ್ಕಕ್ಕೆ ಸಿಗದವಳ ಫೋನು

ಇದನ್ನು ಬೇರೆ ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ಶಕುನ, ದೂರದಿಂದ ಕೇಳಿದ ದನಿ ಎಂದೆಲ್ಲ ಹೇಳುವವರೊಡನೆ ವಾದಕ್ಕಿಳಿದು ಅವರ ಬಾಯಿ ಮುಚ್ಚಿಸುವುದು ನನ್ನ ಅಭ್ಯಾಸವಾಗಿತ್ತು. ಓದುಗರು ನನ್ನನ್ನೂ ಹಾಗೆಯೇ ಪ್ರಶ್ನಿಸಲಿ. ಆದರೆ ನಡೆದದ್ದು ನಡೆದಿದೆ.

ವೈದ್ಯಕೀಯ ಪದವಿ ಮುಗಿದ ಮೇಲೆ ಹಿರಿಯ ಪ್ರಾಧ್ಯಾಪಕರೊಬ್ಬರ ಮಾರ್ಗದರ್ಶನದಲ್ಲಿ ಒಂದು ವರ್ಷ ಸಂಶೋಧನೆಗೆ ಸೇರಿದ್ದೆ. ಮುಂದೆ ವೈದ್ಯಕೀಯ ಕಾಲೇಜಿನಲ್ಲಿ ಪಾಠ ಹೇಳುವ ಆಸೆಯಿತ್ತು. ಯಾದಗಿರಿ, ಶಹಾಪುರ, ಸುರಪುರ ಸೀಮೆಯ ಕೆಲವು ಊರುಗಳಲ್ಲಿ ಚೊಚ್ಚಲ ಬಸುರಿಯರ ರಕ್ತದೊತ್ತಡವನ್ನು ಹೆರಿಗೆಯವರೆಗೂ ಅಳೆಯುವುದು ನನ್ನ ಕೆಲಸ. ಯೋಜನೆ ರೂಪಿಸಿದ ಆ ಪ್ರಾಧ್ಯಾಪಕರು, ಅಂದರೆ ನಮ್ಮ ಗೈಡ್, ಇರುತ್ತಿದ್ದದ್ದು ದೂರದ ನಗರದಲ್ಲಿ. ಪ್ರತಿ ಹೆಣ್ಣುಮಗಳನ್ನೂ ಗಂಡನ ಮನೆಯಲ್ಲಿಯೇ ಕಾಣಬೇಕೆಂದು ಅವರು ನಿಯಮ ಮಾಡಿದ್ದರು. ಏಳನೆಯ ತಿಂಗಳಲ್ಲಿ ಕುಬಸ ಮಾಡಿ, ಹಸಿರು ಸೀರೆ ಉಡಿಸಿ, ಬಸುರಿಯನ್ನು ತವರಿಗೆ ಕಳಿಸುವ ನಾಡಿದು. ಅಪಾಯ ಹೆಚ್ಚುವ ಹೊತ್ತಿಗೆ ಸರಿಯಾಗಿ ನಮ್ಮ ಪಟ್ಟಿಯ ಬಸುರಿಯರೆಲ್ಲ ತವರು ಸೇರುತ್ತಿದ್ದರು. ಅಂಥವರನ್ನು ಗೈಡ್ ‘ಸಂಪರ್ಕಕ್ಕೆ ಸಿಗದವರು’ ಎಂದು ಬರೆಸಿ ಮುಂದಕ್ಕೆ ಹೋಗುತ್ತಿದ್ದರು. ಎಷ್ಟು ಸಲ ಜಗಳವಾಡಿದರೂ ಉತ್ತರ ಒಂದೇ: ನಿಯಮ ಕೆಡುತ್ತದೆ.

ಮುದನಾಳದ ಮಹಾದೇವಿಯ ರಕ್ತದೊತ್ತಡ ಹಿಂದಿನ ಭೇಟಿಯಲ್ಲೇ ಏರತೊಡಗಿತ್ತು. ಆ ದಿನ ಬೆಳಿಗ್ಗೆ ಹೋದರೆ ಅತ್ತೆ ಬಾಗಿಲಲ್ಲೇ ನಕ್ಕಳು. “ತಡಾ ಮಾಡಿದ್ರಿ, ಡಾಕ್ಟರಮ್ಮಾ. ಕುಬಸ ಆತು, ಕೊಂಕಲ್‌ಗೆ ತವರಿಗೆ ಹೋಗ್ಯಾಳ. ಇನ್ನ ಕೂಸು ಎತಗೊಂಡೇ ಬರ್ತಾಳ.”

ಗೈಡ್ ಅಂದು ಯಾದಗಿರಿಗೆ ಬಂದಿದ್ದರು. ನೇರವಾಗಿ ಅವರ ಕೋಣೆಗೆ ಹೋಗಿ ಜೀಪು ಕೇಳಿದೆ.

“ಕೊಂಕಲ್ ನಮ್ಮ ಪಟ್ಟಿಯಲ್ಲಿರುವ ಊರಲ್ಲವಲ್ಲ,” ಎಂದರು.

“ಆಕೆಯ ಜೀವ ಪಟ್ಟಿ ನೋಡಿ ನಿಲ್ಲುತ್ತದೆಯೇ, ಸರ್?” ಎಂದೆ.

ಆಗ ಮೇಜಿನ ಮೇಲಿದ್ದ ನನ್ನ ಫೋನು ಹೊಡೆದುಕೊಂಡಿತು. ಪರದೆಯಲ್ಲಿ ‘ಮಹಾದೇವಿ, ಮುದನಾಳ’ ಎಂಬ ಹೆಸರು. ಅದನ್ನು ನೋಡಿದ ಗೈಡ್, “ನೋಡಿ, ಆಕೆಯೇ ಮಾಡಿದಳು, ಸ್ಪೀಕರ್ ಹಾಕಿ” ಎಂದರು. ಇಬ್ಬರೂ ಕೇಳಿದೆವು. ಸಣ್ಣ, ದಣಿದ ದನಿ: “ಡಾಕ್ಟರಮ್ಮಾ, ತಲಿ ಸಿಡ್ಯಾಕತ್ತದ. ಕಣ್ಣಿಗಿ ಮಬ್ಬ ಬಂದಾದ. ಲಗೂನ ಬರ್ರಿ.” ಕರೆ ಕಡಿಯಿತು. ತಿರುಗಿ ಮಾಡಿದರೆ ಸ್ವಿಚ್ ಆಫ್.

ಇವು ರಕ್ತದೊತ್ತಡ ಏರಿ ಫಿಟ್ಸ್ ಬರುವ ಮುನ್ನಿನ ಲಕ್ಷಣಗಳೆಂದು ಅವರಿಗೆ ನಾನು ಹೇಳಬೇಕಿರಲಿಲ್ಲ. ಆದರೂ ಅವರು ಕೈಗಡಿಯಾರ ನೋಡಿಕೊಂಡರು. ನಾನು ಹೊರಗೆ ಬಂದು ಚಾಲಕನನ್ನು ಕೂಗಿದೆ. “ನಡೀರಿ ಮೇಡಮ್, ಸಾಹೇಬ್ರ ಬೈಗಳ ನನಗ ದಿನಾ ನಾಷ್ಟಾ ಇದ್ದಂಗ,” ಎಂದು ಆತ ಗಾಡಿ ತೆಗೆದ.

ಕೊಂಕಲ್‌ನ ಮನೆಯ ಒಳಕೋಣೆಯಲ್ಲಿ ಮಹಾದೇವಿ ಹಣೆಗೆ ಒದ್ದೆ ಬಟ್ಟೆ ಹಾಕಿಕೊಂಡು ಮಲಗಿದ್ದಳು. ಮುಖ ಬಾತಿತ್ತು. “ಬಿಸಲಿಗಿ ತಲಿ ನೋಯಾಕತ್ತದ ಅಷ್ಟರಿ,” ಎಂದಳು ತಾಯಿ. “ನಿಮಗ ಯಾರ್ ಹೇಳಿದ್ರು?”

“ನಿಮ್ಮ ಮಗಳೇ ಫೋನ್ ಮಾಡಿದ್ಲು.”

“ಫೋನಾ? ನಮ್ಮ ಮನ್ಯಾಗ ಫೋನ್ ಎಲ್ಲದರಿ!”

ಮಾತಿಗೆ ಸಮಯವಿರಲಿಲ್ಲ; ಅವಳನ್ನು ಜೀಪಿಗೆ ಹತ್ತಿಸಿದೆವು. ಯಾದಗಿರಿಯ ಆಸ್ಪತ್ರೆಯ ಬಾಗಿಲಲ್ಲೇ ಅವಳಿಗೆ ಫಿಟ್ಸ್ ಬಂತು. ಶಸ್ತ್ರಚಿಕಿತ್ಸೆಯಾಯಿತು. ತಾಯಿಯೂ ಉಳಿದಳು, ಹೆಣ್ಣುಕೂಸೂ ಉಳಿಯಿತು.

ಮಹಾದೇವಿಯ ಹೆಸರಿನಲ್ಲಿ ನಾನು ಬರೆದುಕೊಂಡಿದ್ದ ನಂಬರು ಅವಳ ಗಂಡನದು. ಪುಣೆಯಲ್ಲಿ ಕಟ್ಟಡದ ಕೆಲಸಕ್ಕಿದ್ದ ಆತ ಓಡಿ ಬಂದ. “ನನ್ನ ಫೋನ್ ಆವತ್ತ ಮುಂಜಾನಿಂದ ಚಾರ್ಜ್ ಇಲ್ದ ಸತ್ತಿತ್ತರಿ. ಕಿಸೆದಾಗೇ ಇತ್ತು,” ಎಂದು ಕೂಸಿನ ಮೇಲೆ ಆಣೆ ಮಾಡಿದ. ನೆಟ್‌ವರ್ಕಿನ ದೋಷ, ಯಾರದೋ ಚೇಷ್ಟೆ, ನನ್ನ ಭ್ರಮೆ ಎಂದು ನಾನೂ ಕಾರಣಗಳನ್ನು ಹುಡುಕಿದೆ. ಭ್ರಮೆಯಾದರೆ ಇಬ್ಬರಿಗೂ ಒಂದೇ ಮಾತು ಕೇಳಿಸಿದ್ದು ಹೇಗೆ?

ಗೈಡ್ ಮಾತ್ರ, “ಆ ಕರೆಯ ವಿಷಯ ಎಲ್ಲೂ ಎತ್ತಬೇಡಿ, ಜನ ನಗುತ್ತಾರೆ,” ಎಂದರು. ಇದಕ್ಕಿಂತ ನಗೆಪಾಟಲು ಇನ್ನೊಂದಿದೆ: ಮುದನಾಳದಲ್ಲಿ ಸಿಗಲಿಲ್ಲವೆಂಬ ಕಾರಣಕ್ಕೆ, ನಮ್ಮ ಕಣ್ಣೆದುರೇ ಹೆತ್ತ ಮಹಾದೇವಿಯನ್ನೂ ಅವರು ‘ಸಂಪರ್ಕಕ್ಕೆ ಸಿಗದವಳು’ ಎಂದೇ ಬರೆಸಿದರು. ಅದನ್ನು ಪ್ರಶ್ನಿಸಿ ಮೇಲಿನವರಿಗೆ ದೂರು ಕೊಟ್ಟೆ. ಉತ್ತರ ಇಂದಿಗೂ ಬಂದಿಲ್ಲ.

ಮಹಾದೇವಿ ಚೇತರಿಸಿಕೊಂಡ ಮೇಲೆ ವಾರ್ಡಿನಲ್ಲಿ ಅವಳನ್ನೇ ಕೇಳಿದೆ.

“ನಾ ಎಲ್ಲಿ ಮಾಡ್ಲಿರಿ? ಏಳಾಕ ಆಗ್ತಿದ್ದಿಲ್ಲ. ಅವ್ವ ನೀರಿಗಿ ಹೋಗಿದ್ಲು, ಒಬ್ಬಾಕಿನೇ ಇದ್ದೆ,” ಎಂದವಳು ತಡೆದು ಕೇಳಿದಳು: “ಫೋನಿನ್ಯಾಗ ಏನಂದ್ಲರಿ ಆಕಿ?”

ಕೇಳಿದ್ದನ್ನು ಕೇಳಿದಂತೆ ಹೇಳಿದೆ. ಅವಳು ಕೂಸನ್ನು ಮಗ್ಗುಲಿಗೆ ಎಳೆದುಕೊಂಡಳು.

“ಗ್ವಾಡಿಗಿ ಮುಖ ಮಾಡಿ ಮಕ್ಕೊಂಡು ನಾ ಇದೇ ಮಾತ ಅಂದಿದ್ದೆ ನೋಡ್ರಿ,” ಎಂದಳು.

ಆ ಮಾತು ಗೋಡೆ ದಾಟಿ ನನ್ನವರೆಗೆ ಬಂದದ್ದು ಹೇಗೆಂದು ನನಗೆ ಈಗಲೂ ಗೊತ್ತಿಲ್ಲ. ಆ ವರ್ಷ ಹಾಗೆ ಗೋಡೆಗೆ ಮುಖ ಮಾಡಿ ಮಲಗಿದವರು ಇನ್ನೂ ಎಷ್ಟು ಮಂದಿಯೋ. ಅವರು ಯಾರ ಹೆಸರು ಹಿಡಿದು ಕೂಗಿದರು? ಅದನ್ನಾದರೂ ಯಾರಾದರೂ ನನಗೆ ವಿವರಿಸಲಿ.