ಬಿಳಿ ಹಸುವಿನ ದ್ವೀಪದ ಅಕ್ಕ ತಮ್ಮ

ಎಪ್ಪತ್ತರ ದಶಕದ ಆರಂಭದಲ್ಲಿ ನಾವು ಸ್ಕೋಕಿ ಎಂಬ ಊರಿನಲ್ಲಿ ಒಂದು ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದೆವು. ಕೆಳಗಿದ್ದ ಮನೆಯೊಡತಿ, ಹುಡುಗಿಯಾಗಿದ್ದಾಗಲೇ ಐರ್ಲೆಂಡಿನಿಂದ ಬಂದ ಅಜ್ಜಿ. ನನ್ನ ಗಂಡ ಕೆಲಸಕ್ಕೆ ಹೋದಮೇಲೆ ನಾನು ಅವರ ಅಡುಗೆಮನೆಯಲ್ಲಿ ಚಹಾ ಕುಡಿಯುತ್ತ ಕೂರುತ್ತಿದ್ದೆ.

ಅವರ ಊರು ಇನಿಶ್‌ಬೋಫಿನ್. ಹಾಗೆಂದರೆ ಬಿಳಿ ಹಸುವಿನ ದ್ವೀಪವಂತೆ. ಅವರು ಹೇಳುತ್ತಿದ್ದ ಕತೆ ಇದು: ಮಂಜಿನಲ್ಲಿ ದಾರಿ ತಪ್ಪಿದ ಇಬ್ಬರು ಬೆಸ್ತರು ಅಲ್ಲಿಳಿದು ಬೆಂಕಿ ಹಚ್ಚಿದಾಗ ಮಂಜು ಸರಿಯಿತು. ಕೆರೆಯ ದಂಡೆಯಲ್ಲಿ ಮುದುಕಿಯೊಬ್ಬಳು ಬಿಳಿ ಹಸುವನ್ನು ಅಟ್ಟಿಕೊಂಡು ಹೋಗುತ್ತಿದ್ದಳು. ಅವಳು ಕೋಲಿನಿಂದ ಹೊಡೆದದ್ದೇ ತಡ, ಹಸು ಕಲ್ಲಾಯಿತು.

“ನನ್ನ ತಮ್ಮ ಬೇರೇನೇ ಹೇಳ್ತಾನೆ. ಹಸು ಕಲ್ಲಾಗ್ಲಿಲ್ವಂತೆ, ಕೆರೆಗೆ ಇಳಿದುಹೋಯ್ತಂತೆ. ಹಾಗಾದ್ರೆ ಅಪ್ಪ ನಂಗೆ ಹೇಳಿದ್ದು ಸುಳ್ಳಾ?” ಎಂದು ಅಜ್ಜಿ ಹುಬ್ಬು ಗಂಟಿಕ್ಕುತ್ತಿದ್ದರು. ತಂದೆ ತೀರಿಕೊಂಡ ವರ್ಷ ಇದೇ ವಿಷಯಕ್ಕೆ ಜಗಳವಾಗಿ, ಡೆಟ್ರಾಯಿಟ್‌ನಲ್ಲಿ ಕಾರು ಕಾರ್ಖಾನೆಗೆ ಸೇರಿದ್ದ ತಮ್ಮನ ಜೊತೆ ಮಾತೇ ಬಿಟ್ಟಿದ್ದರು.

ಒಂದು ಅಕ್ಟೋಬರಿನಲ್ಲಿ ತಮ್ಮನ ಮಗಳು ಫೋನ್ ಮಾಡಿದಳು. ಅಪ್ಪನಿಗೆ ನೆನಪು ಹೋಗುತ್ತಿದೆ ಎಂದಳು. ಅಜ್ಜಿ ಬಸ್ಸಿನ ವೇಳೆ ವಿಚಾರಿಸತೊಡಗಿದರು.

“ರೀ, ಅಜ್ಜಿಗೆ ಈ ವಯಸ್ಸಲ್ಲಿ ಬಸ್ ಯಾಕೆ? ನಾವೇ ಡ್ರೈವ್ ಮಾಡ್ಕೊಂಡು ಹೋಗೋಣ,” ಅಂದೆ ಗಂಡನಿಗೆ. ಶನಿವಾರ ಬೆಳಿಗ್ಗೆಯೇ ಹೊರಟೆವು. ಮುನ್ನೂರು ಮೈಲಿಯ ಹತ್ತಿರ ದಾರಿ. ಅಜ್ಜಿ ಹಿಂದಿನ ಸೀಟಿನಲ್ಲಿ ಕೈಚೀಲ ಬಿಗಿಹಿಡಿದು ಕೂತಿದ್ದರು.

ಡೆಟ್ರಾಯಿಟ್‌ನ ಮನೆಯಲ್ಲಿ ಅಜ್ಜಿಯ ತಮ್ಮ ಕಿಟಕಿಯ ಬಳಿ ಕಂಬಳಿ ಹೊದ್ದು ಕೂತಿದ್ದರು. ಅಕ್ಕನ ಮುಖ ನೋಡಿ ನಕ್ಕರು. ಆಮೇಲೆ ನಮ್ಮ ಕಡೆ ತಿರುಗಿ ಊರಿನ ಕತೆ ಶುರುಮಾಡಿದರು. ಬೆಸ್ತರು, ಬೆಂಕಿ, ಮುದುಕಿ. “ಹೊಡೆದಳು ನೋಡಿ, ಹಸು ಕಲ್ಲಾಯ್ತು.”

ಅಜ್ಜಿ ಗೆದ್ದರು ಅಂದುಕೊಂಡೆ. ಆದರೆ ಅವರ ಮುಖ ಸಪ್ಪಗಾಗಿತ್ತು. ಕುರ್ಚಿಯನ್ನು ಹತ್ತಿರಕ್ಕೆಳೆದು ತಮ್ಮನ ಕೈ ಹಿಡಿದುಕೊಂಡರು.

“ಅಲ್ಲ ಕಣೋ, ನಿನ್ನ ಕತೆ ಅದಲ್ಲ. ಹಸು ತಾನಾಗೇ ಕೆರೆಗೆ ಇಳೀತು. ಊರಿಗೆ ಕಷ್ಟ ಬಂದಾಗ ಮೇಲೆದ್ದು ಬರುತ್ತೆ.”

“ಬರುತ್ತಾ?”

“ಬರುತ್ತೆ. ನೀನೇ ಹೇಳಿದ್ದಲ್ವಾ?”

ಅವರು ಮಗುವಿನ ಹಾಗೆ ತಲೆಯಾಡಿಸಿದರು. ನನ್ನ ಗಂಡ ಎದ್ದು ಹೊರಗೆ ಹೋಗಿ ಕಾರಿನ ಬಳಿ ನಿಂತರು.

ತಮ್ಮ ಆಮೇಲೆ ಎರಡು ಚಳಿಗಾಲ ಬದುಕಿದ್ದರು. ಪ್ರತಿ ಭಾನುವಾರ ಚರ್ಚಿನಿಂದ ಬಂದೊಡನೆ ಅಜ್ಜಿ ಫೋನ್ ಮಾಡುತ್ತಿದ್ದರು. ತಮ್ಮನಿಗೆ ಕಿವಿ ಮಂದ, ಹಾಗಾಗಿ ಗಟ್ಟಿಯಾಗಿ ಮಾತಾಡಬೇಕು. ಮಹಡಿಯಲ್ಲಿ ಅಕ್ಕಿ ತೊಳೆಯುತ್ತ ನಾನು ಕೇಳಿಸಿಕೊಳ್ಳುತ್ತಿದ್ದೆ. ಎರಡೂ ಕತೆಗಳನ್ನು ಹೇಳುತ್ತಿದ್ದರು, ತಮ್ಮನದನ್ನು ಮೊದಲು.