ಪಾಸಾದ ಮಣ್ಣು

ನಂಜಮ್ಮ ಜಗಲಿಯ ಮೇಲೆ ಕೂತು ಮೊರದಲ್ಲಿ ಮಣ್ಣು ಕೇರುತ್ತಿದ್ದರು. ತೊಂಬತ್ತರ ದಶಕದ ಮಾತು. ದೊಡ್ಡಬಳ್ಳಾಪುರ ತಾಲ್ಲೂಕಿನಲ್ಲಿ ಕೃಷಿ ಸಹಾಯಕನಾಗಿದ್ದ ನಾನು, ಪರೀಕ್ಷೆಗೆ ಕಳಿಸಲು ಅವರ ಹೊಲದ ಮಣ್ಣು ಒಯ್ಯಲು ಹೋಗಿದ್ದೆ. ಅವರು ಕಲ್ಲೆಲ್ಲ ಆರಿಸಿ, ಎರಡು ಹಿಡಿ ತಿಪ್ಪೆಗೊಬ್ಬರ ಬೆರೆಸಿ, ಒಗೆದ ಬಟ್ಟೆಯಲ್ಲಿ ಗಂಟು ಕಟ್ಟಿ ಕೊಟ್ಟರು.

"ಇದೆಲ್ಲ ಯಾಕಮ್ಮಾ?" ಎಂದೆ.

"ಬೆಂಗಳೂರಿಗೆ ಹೋಗೋ ಮಣ್ಣು ಸ್ವಾಮಿ. ಹಂಗೇ ಕಳಿಸಿದ್ರೆ ನೋಡ್ದೋರು ಏನಂದ್ಕೊಂಡಾರು? ಹೋದ್ವರ್ಷ ಊರೋರೆಲ್ಲ ಹಿಂಗೇ ಕಳಿಸಿದ್ವಿ, ಎಲ್ಲಾರ್ದೂ ಪಾಸಾಯ್ತು."

ಪಾಸಾಗಿದ್ದು ನಿಜ. ಆ ವರದಿ ಹಿಡಿದು ಮನೆಮನೆಗೂ ಹೋಗಿ, ನಿಮ್ಮ ಮಣ್ಣಿಗೆ ಗೊಬ್ಬರವೇ ಬೇಡ ಎಂದು ಹೇಳಿ ಬಂದವನು ನಾನೇ.

"ಮತ್ತೆ ರಾಗಿ ಹೆಂಗೆ ಬಂತು?" ಅಂಜುತ್ತಲೇ ಕೇಳಿದೆ.

"ಮೊಣಕಾಲುದ್ದಾನೂ ಬರ್ಲಿಲ್ಲ. ನೀವು ಬ್ಯಾಡ ಅಂದ್ರಲ್ಲ, ಗೊಬ್ಬರ ಹಾಕ್ಲಿಲ್ಲ," ಎಂದರು. ದನಿಯಲ್ಲಿ ದೂರೇನೂ ಇರಲಿಲ್ಲ.

ಆ ಗಂಟನ್ನು ಅಲ್ಲೇ ಬಿಟ್ಟು, ಹೊಲಗಳಿಗೆ ಹೋಗಿ ನಾನೇ ಮಣ್ಣು ಅಗೆದು ತಂದೆ. ಈ ಸಲ ವರದಿಯಲ್ಲಿ ಊರಿಗೆ ಊರೇ ಫೇಲಾಯಿತು. ಎಲ್ಲರೂ ಗೊಬ್ಬರ ಹಾಕಿದರು, ರಾಗಿ ಸೊಂಟದುದ್ದ ಬಂತು. ನಂಜಮ್ಮ ಮಾತ್ರ ಊರಿಗೆ ಬಂದವರಿಗೆಲ್ಲ ನನ್ನನ್ನು ತೋರಿಸಿ, "ನಮ್ಮೂರ ಮಣ್ಣನ್ನೆಲ್ಲ ಫೇಲ್ ಮಾಡಿ ಮಾನ ಕಳೆದ ಮೇಷ್ಟ್ರು ಇವ್ರೇ," ಎನ್ನುತ್ತಿದ್ದರು.