ಪೆಂಗ್ವಿನ್‌ಗಳ ದಿಬ್ಬಣ

ಜನವರಿಯ ಒಂದು ಸಂಜೆ ಡಾಲಸ್ ಪಕ್ಕದ ಯೂಲೆಸ್‌ನ ನಮ್ಮ ಫೋಟೋ ಸ್ಟುಡಿಯೋಗೆ ಬೀಗ ಹಾಕಿ, ಹತ್ತೇ ನಿಮಿಷದಲ್ಲಿ ಏರ್‌ಪೋರ್ಟ್ ಸೇರಿದೆವು, ನಾನು ಮತ್ತು ನನ್ನ ಹೆಂಡತಿ ಸುಮಂಗಲಾ. ಗದಗಿನಲ್ಲಿ ಎಂಟನೇ ಇಯತ್ತೆಗೆ ಶಾಲೆ ಬಿಟ್ಟು ಸ್ಟುಡಿಯೋ ಒಂದರ ಡಾರ್ಕ್‌ರೂಮ್ ಸೇರಿದವನು ನಾನು. ಇವತ್ತು ಡಾಲಸ್, ಹ್ಯೂಸ್ಟನ್, ಆಸ್ಟಿನ್ ಮೂರೂ ಊರುಗಳ ಕನ್ನಡದವರ ಮನೆಗಳಲ್ಲಿ ಮದುವೆ ಆಲ್ಬಂ ತೆರೆದರೆ ನನ್ನ ಕೈಕೆಲಸ ಸಿಗುತ್ತದೆ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಆದರೆ ನನ್ನ ಸ್ಟುಡಿಯೋದ ಗೋಡೆ ತುಂಬ ಇರುವುದು ಬೇರೆಯವರ ಮದುವೆ, ಬೇರೆಯವರ ಮಕ್ಕಳು. ಯಾರೂ ಆರ್ಡರ್ ಕೊಡದೆ, ನನ್ನ ಖುಷಿಗೆ ನಾನೇ ತೆಗೆದ ಚಿತ್ರ ಒಂದೂ ಇರಲಿಲ್ಲ. ಅದೊಂದನ್ನು ತರಲೆಂದೇ ಪೆಂಗ್ವಿನ್‌ಗಳಿರುವ ಸೌತ್ ಜಾರ್ಜಿಯಾ ಎಂಬ ದ್ವೀಪಕ್ಕೆ ಹೊರಟಿದ್ದೆವು.

ಡಾಲಸ್‌ನಿಂದ ಬ್ಯೂನಸ್ ಐರಿಸ್‌ಗೆ ಒಂದು ವಿಮಾನ, ಅಲ್ಲಿಂದ ಅರ್ಜೆಂಟೀನಾದ ದಕ್ಷಿಣ ತುದಿಯ ಉಶುವಾಯಾಕ್ಕೆ ಇನ್ನೊಂದು, ಆಮೇಲೆ ಹಡಗು. ಆ ದ್ವೀಪದಲ್ಲಿ ವಿಮಾನ ಇಳಿಯಲು ಜಾಗವೇ ಇಲ್ಲ. ಟಿಕೆಟ್ಟಿಗೆ ಎರಡು ಮದುವೆ ಸೀಸನ್‌ಗಳ ದುಡಿಮೆ ಹೋಯಿತು. ಹಡಗು ದಿನಗಟ್ಟಲೆ ಹೊಯ್ದಾಡಿತು. ಊಟಕ್ಕೆ ಬ್ರೆಡ್ಡು, ಸೂಪು, ಬೇಯಿಸಿದ ಆಲೂಗಡ್ಡೆ. ಸುಮಂಗಲಾ ಕಟ್ಟಿ ತಂದಿದ್ದ ಕಟಕ ರೊಟ್ಟಿ, ಶೇಂಗಾ ಚಟ್ನಿ ನಮ್ಮ ಜೀವ ಹಿಡಿದಿಟ್ಟವು.

ಇಳಿಯುವ ಹಿಂದಿನ ದಿನ ಚೀಲಗಳ ತಪಾಸಣೆ. ಹೊರಗಿನ ಒಂದು ಬೀಜವೂ ಆ ನೆಲದಲ್ಲಿ ಬೀಳಬಾರದೆಂಬುದು ಅಲ್ಲಿನ ಕಟ್ಟುನಿಟ್ಟು. ಹಡಗಿನ ಗೈಡ್ ಎಮ್ಮಾ ನನ್ನ ಕ್ಯಾಮೆರಾ ಬ್ಯಾಗಿನ ಸಂದಿಗೆ ಟಾರ್ಚ್ ಬಿಟ್ಟು, ಚಿಮಟದಿಂದ ಒಂದು ಹಳದಿ ಕಾಳು ಎತ್ತಿದಳು. ಇನ್ನೊಂದು ಎತ್ತಿದಳು. ಆಮೇಲೆ ಒಂದು ಕೆಂಪನೆಯದು.

ಅಕ್ಷತೆ! ಮಂದಿ ವಧೂವರರ ಮೇಲೆ ಎಸೆಯುವುದರಲ್ಲಿ ಅರ್ಧ ಬೀಳುವುದು ಎದುರಿಗೆ ನಿಂತ ಫೋಟೋಗ್ರಾಫರ್ ಮೇಲೆ.

ಕ್ಯಾಬಿನ್‌ನಲ್ಲಿ ಇಬ್ಬರೂ ಆರಿಸಲು ಕುಳಿತೆವು.

"ಈ ಕೆಂಪಂದು ಸ್ಟಾಫರ್ಡ್ ಊರಿನ ಮದುವಿದ್ರಿ. ಅವರು ಕುಂಕುಮ ಕಲಸಿದ್ರಲ್ಲ," ಎಂದಳು ಸುಮಂಗಲಾ.

"ಮತ್ತ ಈ ಹಳದಿದು?"

"ಆಸ್ಟಿನ್‌ದು. ಬೀಗರು ಜಗಳಾಡಿದ ಮದುವಿ. ಸಿಟ್ಟಿಲೆ ಒಗದಾರ, ನೋಡ್ರಿ ಎಷ್ಟು ಒಳಗ ಹೊಕ್ಕಾವ!"

ಬೆಳಿಗ್ಗೆ ಎಮ್ಮಾಗೆ ಒಳಗಿನ ಮಡಿಕೆಯಲ್ಲಿ ಮತ್ತೆ ಕಾಳು ಸಿಕ್ಕಿತು. ಬ್ಯಾಗ್ ಇಳಿಯುವಂತಿಲ್ಲ ಎಂದಳು. ಅವಳ ಮಾತು ನ್ಯಾಯವಾಗಿಯೇ ಇತ್ತು. ದಡಕ್ಕೆ ಹೋಗುವುದು ರಬ್ಬರ್ ದೋಣಿಯಲ್ಲಿ, ಅಲೆ ಮೈಮೇಲೆ ಬರುತ್ತದೆ. ಅದಕ್ಕೆಂದು ನೀರು ಹೋಗದ ಪುಟ್ಟ ಚೀಲವೊಂದನ್ನು ಕೊಟ್ಟಳು. ದೂರದ ಪ್ರಾಣಿಯನ್ನು ಹತ್ತಿರ ತರುವ ನನ್ನ ಉದ್ದ ಲೆನ್ಸ್ ಅದರಲ್ಲಿ ಹಿಡಿಸಲಿಲ್ಲ. ಮಂಟಪದಲ್ಲಿ ಬಳಸುವ ಗಿಡ್ಡ ಲೆನ್ಸೇ ಗತಿಯಾಯಿತು. ದೂರದಿಂದ ಅದಕ್ಕೆ ಪೆಂಗ್ವಿನ್ ಇರುವೆಯಷ್ಟೇ ಕಾಣುತ್ತದೆ. ಇಷ್ಟು ದೂರ ಬಂದು ಬರಿಗೈಯಲ್ಲಿ ಹೋಗುತ್ತೇನೇನೋ ಅನ್ನಿಸಿತು.

ದಂಡೆಯ ಮೇಲೆ ಸಾವಿರಾರು ಕಿಂಗ್ ಪೆಂಗ್ವಿನ್‌ಗಳು. ಕೊನೆಯ ಪಂಕ್ತಿಗೆ ಕಾದು ನಿಂತ ಮದುವೆ ಮಂದಿಯಂಥ ಗದ್ದಲ, ಮೇಲೆ ಕೊಳೆತ ಮೀನಿನ ವಾಸನೆ. ನಡುನಡುವೆ ಸೀಲ್‌ಗಳು ನಾಯಿಯ ಹಾಗೆ ಬೊಗಳುತ್ತಿದ್ದವು. ಎಮ್ಮಾ ನಿಯಮ ಹೇಳಿದಳು: ಕೂರಬಾರದು, ಮಂಡಿಯೂರಬಾರದು, ಐದು ಮೀಟರ್ ದೂರ ಬಿಡಬೇಕು. ಅವು ಹತ್ತಿರ ಬಂದರೆ ನಾವೇ ಹಿಂದೆ ಸರಿಯಬೇಕು.

ಉಳಿದವರು ಉದ್ದ ಲೆನ್ಸ್ ಹಿಡಿದು ನಿಂತಲ್ಲೇ ನಿಂತರು. ಅಷ್ಟರಲ್ಲಿ ನೀರಿನಿಂದ ಎದ್ದ ಒಂದು ಗುಂಪು ದಂಡೆಯುದ್ದಕ್ಕೂ ಎದೆ ಮುಂದೆ ಮಾಡಿ ನೇರ ನನ್ನತ್ತಲೇ ಬಂತು. ನಾನು ಹಿಂದಕ್ಕೆ ಹೆಜ್ಜೆ ಇಟ್ಟೆ. ತಕ್ಷಣ ಸುಮಂಗಲಾ ಹಿಂದಿನಿಂದ ನನ್ನ ಬೆಲ್ಟ್ ಹಿಡಿದಳು. ಶನಿವಾರದ ಮದುವೆಗಳಲ್ಲಿ ದಿಬ್ಬಣ ಬರುವಾಗ ನಾವು ಕೆಲಸ ಮಾಡುವುದೇ ಹೀಗೆ. ಕಣ್ಣು ಕ್ಯಾಮೆರಾದಲ್ಲಿ, ಕಾಲು ಹಿಂದಕ್ಕೆ, ಚುಕ್ಕಾಣಿ ಅವಳ ಕೈಯಲ್ಲಿ.

"ಬಲಕ್ಕ ಬರ್ರಿ... ಸೀಲ್ ಮಲಗೇತಿ... ಹಾಂ, ಈಗ ನೆಟ್ಟಗ."

"ಹಿಂದ ಜಾಗ ಐತಿಲ್ಲ?"

"ಐತ್ರಿ. ನೀವು ಫೋಟೋ ತಗೀರಿ, ಮಾತು ಬ್ಯಾಡ."

ಪಕ್ಕದ ಗುಂಪನ್ನು ಸೀಳಿಕೊಂಡು ಒಂದು ಕಂದು ಮರಿ ಓಡಿ ಬಂತು. ಎಲ್ಲಕ್ಕಿಂತ ಮುಂದಿದ್ದ ಹಕ್ಕಿ ನಿಂತು ಕತ್ತು ಬಾಗಿಸಿತು, ಮರಿ ಕೊಕ್ಕೆತ್ತಿತು. ಎಡಕ್ಕೆ ಒಂದು ಸೀಲ್ ಆಕಳಿಸಿತು. ಹಿಂದೆ ಇಡೀ ಬಳಗ, ಅದರ ಹಿಂದೆ ಹಿಮದ ಬೆಟ್ಟ. ಬಟನ್ ಒತ್ತಿದೆ. ಉದ್ದ ಲೆನ್ಸ್ ಇದ್ದಿದ್ದರೆ ಎರಡು ಕೊಕ್ಕು ಬರುತ್ತಿದ್ದವು. ಇದರಲ್ಲಿ ಮನೆತನವೇ ಬಂತು. ಮೂವತ್ತು ವರ್ಷ ಮದುವೆ ತೆಗೆದ ಕೈ ಇದು ಎಂದು ಎದೆಯುಬ್ಬಿಸಿ ಹೇಳುತ್ತೇನೆ.

"ಇಬ್ಬರೂ ಇದನ್ನು ಎಲ್ಲಿ ಕಲಿತಿರಿ?" ಎಂದು ಎಮ್ಮಾ ನಗುತ್ತ ಕೇಳಿದಳು.

"ಪ್ರತಿ ಶನಿವಾರ ಮಾಡ್ತೇವಿ," ಎಂದು ಸುಮಂಗಲಾ ತನ್ನ ಇಂಗ್ಲಿಷಿನಲ್ಲಿ ಹೇಳಿದಳು.

ಯೂಲೆಸ್‌ಗೆ ಮರಳಿದ ವಾರವೇ ಚಿತ್ರವನ್ನು ಆಳೆತ್ತರ ಪ್ರಿಂಟ್ ಹಾಕಿಸಿ, ಬಾಗಿಲು ತೆರೆದರೆ ಮೊದಲು ಕಾಣುವ ಗೋಡೆಗೆ ತೂಗುಹಾಕಿದೆ. ಬಲಗಡೆಯ ಮೂಲೆಯಲ್ಲಿ ದಪ್ಪ ಅಕ್ಷರದಲ್ಲಿ ನನ್ನ ಹೆಸರು ಬರೆದೆ.

"ಒಂದ ಹೆಸರು?" ಎಂದಳು ಸುಮಂಗಲಾ.

"ಹೌದು. ಮತ್ತೇನು?"

"ಏನಿಲ್ಲ ಬಿಡ್ರಿ. ಬರೋ ಶನಿವಾರ ನಿಮ್ಮ ಬೆಲ್ಟ್ ನೀವ ಹಿಡ್ಕೊರಿ."

ಪೆನ್ನಿನ ಮುಚ್ಚಳ ಮತ್ತೆ ತೆಗೆದೆ. ಎಡಗಡೆ ಮಾತ್ರ ಜಾಗ ಉಳಿದಿತ್ತು. ಹಾಗಾಗಿ ಸ್ಟುಡಿಯೋಗೆ ಬಂದವರು ಈಗ ಅವಳ ಹೆಸರನ್ನೇ ಮೊದಲು ಓದುತ್ತಾರೆ.